ವರ್ತನಾವಾದದ ಗುಣ-ದೋಷ: ಬರೀ 'ಯಂತ್ರ' ಅಂತ ಬರೆದು ಬಿಡ್ಬೇಡಿ

ವರ್ತನಾವಾದ ಅಂದ್ರೆ ಕಲಿಕೆಯನ್ನ ಕಣ್ಣಿಗೆ ಕಾಣೋ ವರ್ತನೆಯಿಂದ್ಲೇ ವಿವರಿಸೋ ಮನಃಶಾಸ್ತ್ರದ ಪಂಥ. ಪರೀಕ್ಷೇಲಿ ಅದರ ಮಿತಿಗಳು ಅಂದ ತಕ್ಷಣ ನಾವೆಲ್ಲ ಕಣ್ಮುಚ್ಚಿ ಬರೆಯೋ ಸಾಲು ಒಂದೇ, "ಮನುಷ್ಯನನ್ನು ಯಂತ್ರದಂತೆ ಕಾಣುತ್ತದೆ". ತಪ್ಪೇನಿಲ್ಲ, ಆದ್ರೆ ಅದನ್ನ ಯಾವ ಪ್ರಯೋಗ ತೋರಿಸ್ತು ಅಂತ ಬರೀದಿದ್ರೆ ಉತ್ತರ ಸಪ್ಪೆ. ನಾನು ಓದ್ಕೊಂಡಿದ್ದು ಹೀಗೆ.

ಮೊದ್ಲು ಗುಣ. 1913ರಲ್ಲಿ ಈ ಪಂಥ ಶುರು ಮಾಡಿದ ವಾಟ್ಸನ್ ಹೇಳಿದ್ದು, ಮನಸ್ಸೊಳಗೆ ಏನಾಗುತ್ತೆ ಅಂತ ಅವರವರನ್ನೇ ಕೇಳ್ಕೊಂಡು ಕೂರೋದು ಬಿಡಿ, ಕಣ್ಣಿಗೆ ಕಾಣೋ ವರ್ತನೆ ಅಳೀರಿ ಅಂತ. ಪಾವ್ಲೋವ್ ನಾಯಿ ಜೊಲ್ಲನ್ನ ಹನಿ ಲೆಕ್ಕದಲ್ಲಿ ಅಳೆದ, ಥಾರ್ನ್‌ಡೈಕ್ ಬೆಕ್ಕು ಪೆಟ್ಟಿಗೆಯಿಂದ ಹೊರಗೆ ಬರೋಕೆ ಎಷ್ಟೊತ್ತು ತಗೊಳ್ತು ಅಂತ ಬರ್ಕೊಂಡ, ಅಂದ್ರೆ ಇನ್ನೊಬ್ರು ಅದನ್ನೇ ಮತ್ತೆ ಮಾಡಿ ನೋಡ್ಬಹುದು. ಎರಡನೇದು, ಇದು ಕೆಲಸಕ್ಕೆ ಬರುತ್ತೆ. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲ ಕಂಡ್ರೆ ಹೆದರ್ತಿದ್ದ ಪೀಟರ್ ಅನ್ನೋ ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲಾನ ಸ್ವಲ್ಪ ಸ್ವಲ್ಪಾನೇ ಹತ್ರ ತಂದು ಭಯ ಬಿಡಿಸಿದ್ರು. ಪಾಠಾನ ಸಣ್ಣ ಸಣ್ಣ ತುಂಡು ಮಾಡಿ, ಉತ್ತರ ಸರಿನಾ ತಪ್ಪಾ ಅಂತ ಆಗಿಂದಾಗ್ಗೆ ಹೇಳೋದು ಇದೇ ಪಂಥದ ಸ್ಕಿನ್ನರ್‌ನ ಬೋಧನಾ ಯಂತ್ರದಲ್ಲೇ ಇತ್ತು, ಈಗ ಮೊಬೈಲಲ್ಲಿ ಕ್ವಿಜ್ ಆಡ್ತೀವಲ್ಲ, ಅಲ್ಲೂ ಅದೇ.

ಇಲ್ಲೊಂದು ಕಡೆ ಎಲ್ರೂ ಎಡವ್ತೀವಿ: ಋಣಾತ್ಮಕ ಪುನರ್ಬಲನ (ಕಾಟ ಕೊಡೋದನ್ನ ತೆಗೆದು ವರ್ತನೆಗೆ ಬಲ ಕೊಡೋದು) ಅಂದ್ರೆ ಶಿಕ್ಷೆ ಅಲ್ಲ. ಕಾರಲ್ಲಿ ಸೀಟ್ ಬೆಲ್ಟ್ ಹಾಕೋವರ್ಗೂ ಟಿಂಗ್ ಟಿಂಗ್ ಅಂತ ಹೊಡ್ಕೊಳ್ಳುತ್ತಲ್ಲ, ಹಾಕಿದ್ರೆ ಕಾಟ ನಿಲ್ಲುತ್ತೆ, ಅದಕ್ಕೇ ಹಾಕೋ ಅಭ್ಯಾಸ ಜಾಸ್ತಿ ಆಗುತ್ತೆ. ಶಿಕ್ಷೆ ವರ್ತನೆ ಕಮ್ಮಿ ಮಾಡುತ್ತೆ, ಪುನರ್ಬಲನ ಯಾವ ಥರದ್ದಾದ್ರೂ ಜಾಸ್ತೀನೇ ಮಾಡೋದು.

ಈಗ ದೋಷ. ನನಗೆ ತುಂಬ ಇಷ್ಟ ಆಗಿದ್ದು ಟೋಲ್ಮನ್ ಮತ್ತು ಹಾಂಜಿಕ್ 1930ರಲ್ಲಿ ಮಾಡಿದ್ದು. ಒಂದು ಗುಂಪಿನ ಇಲಿಗಳನ್ನ ಹತ್ತು ದಿನ ಜಟಿಲ ದಾರಿಯಲ್ಲಿ ಸುಮ್ನೆ ಓಡಾಡೋಕೆ ಬಿಟ್ರು, ತಿನ್ನೋಕೆ ಏನೂ ಇಡ್ಲಿಲ್ಲ, ಇಲಿಗಳೂ ತಪ್ಪು ತಿರುವು ತಗೊಂಡು ಅಡ್ಡಾಡ್ತಿದ್ವು. ಹನ್ನೊಂದನೇ ದಿನ ಕೊನೇಲಿ ತಿಂಡಿ ಸಿಕ್ತು ನೋಡಿ, ಮಾರನೇ ದಿನಾನೇ ತಪ್ಪು ದಿಢೀರ್ ಅಂತ ಇಳಿದು, ಮೊದಲಿಂದ ತಿಂಡಿ ತಿಂದ ಇಲಿಗಳಿಗೆ ಸರಿಸಮ ಆಗೋದ್ವು. ಅಂದ್ರೆ ಬಹುಮಾನ ಇಲ್ದೇನೂ ದಾರಿ ಕಲ್ತಿದ್ವು, ತೋರಿಸೋಕೆ ಕಾರಣ ಇರ್ಲಿಲ್ಲ ಅಷ್ಟೇ. ಕಲಿಕೆ ಬೇರೆ, ವರ್ತನೆ ಬೇರೆ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತೆ, ಇದನ್ನ ಸುಪ್ತ ಕಲಿಕೆ ಅಂತಾರೆ.

ಇನ್ನೊಂದು ಸ್ಕಿನ್ನರ್‌ಗೆ ಮನೆಯವ್ರಿಂದ್ಲೇ ಬಿದ್ದ ಏಟು. ಅವನ ಶಿಷ್ಯರಾಗಿದ್ದ ಬ್ರೆಲೆಂಡ್ ದಂಪತಿ ಪ್ರಾಣಿಗಳನ್ನ ಪಳಗಿಸೋದನ್ನೇ ಉದ್ಯೋಗ ಮಾಡ್ಕೊಂಡಿದ್ರು. ರಕೂನ್‌ಗೆ ನಾಣ್ಯ ಡಬ್ಬಿಗೆ ಹಾಕು, ತಿಂಡಿ ತಗೋ ಅಂತ ಕಲಿಸಿದ್ರು. ಎರಡು ನಾಣ್ಯ ಕೊಟ್ಟಾಗ ಅದು ಡಬ್ಬಿಯೊಳಗೆ ಅದ್ದೋದು, ತೆಗೆಯೋದು, ಒಂದಕ್ಕೊಂದು ಉಜ್ಜೋದು, ಥೇಟ್ ಜಿಪುಣನ ಥರ, ಬಿಡ್ಲೇ ಇಲ್ಲ! ತಿಂಡಿ ಕೈತಪ್ಪಿದ್ರೂ ಹುಟ್ಟುಗುಣ ಗೆಲ್ತು. 1961ರಲ್ಲಿ ಅವರೇ ಇದನ್ನ ಪ್ರಕಟಿಸಿದ್ರು. ಭಾಷಾಶಾಸ್ತ್ರಜ್ಞ ಚಾಮ್‌ಸ್ಕಿ ಭಾಷೆ ಬಗ್ಗೆ ಸ್ಕಿನ್ನರ್ ಬರೆದ ಪುಸ್ತಕಕ್ಕೆ ಮಾಡಿದ ಟೀಕೆ (1959) ಇದು, ಮಗು ಯಾವತ್ತೂ ಕೇಳದ ವಾಕ್ಯಾನೂ ತಾನೇ ಕಟ್ಟುತ್ತೆ, ಅದಕ್ಕೆ ಯಾವ ಪುನರ್ಬಲನ?

ಕೊನೇದು ಕ್ಲಾಸಿಗೆ ಹತ್ರದ್ದು. ಪ್ರಾಕ್ಟೀಸ್ ಟೀಚಿಂಗಲ್ಲಿ ನಾನು ಐದನೇ ಕ್ಲಾಸಿಗೆ ಸ್ಟಾರ್ ಸ್ಟಿಕ್ಕರ್ ಹಂಚ್ತಿದ್ದೆ, ಎರಡನೇ ವಾರ ಸ್ಟಿಕ್ಕರ್ ಖಾಲಿ, "ಮಿಸ್, ಸ್ಟಾರ್ ಇಲ್ವಾ? ಹಂಗಾದ್ರೆ ಯಾಕ್ ಬರೀಬೇಕು?" ಅಂದ ಒಬ್ಬ. ಲೆಪರ್ ತಂಡ 1973ರಲ್ಲಿ ತೋರಿಸಿದ್ದೂ ಇದನ್ನೇ, ಚಿತ್ರ ಬಿಡಿಸಿದ್ರೆ ಬಹುಮಾನ ಅಂತ ಮೊದಲೇ ಹೇಳಿಸ್ಕೊಂಡ ಮಕ್ಕಳು ಆಮೇಲೆ ಬಿಡುವಿನ ಹೊತ್ತಲ್ಲಿ ಚಿತ್ರದ ಕಡೆ ಹೋಗೋದೇ ಕಮ್ಮಿ ಮಾಡಿದ್ರು. ಆದ್ರೆ ಹಾಗಂತ "ಬಹುಮಾನ ಕೊಡಲೇಬಾರದು" ಅಂತ ಬರೀಬೇಡಿ, ಮೊದಲೇ ಹೇಳದೆ ಕೊನೇಲಿ ಬಹುಮಾನ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಇಳೀಲಿಲ್ಲ.