ಗುಂಡನ ಮೂಗು, ವಿಮಾನದ ಹೊಟ್ಟೆ

ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಚಿಕ್ಕಬಳ್ಳಾಪುರದ ಬೀದಿಯಲ್ಲಿ ಕೇಳಿಸುವುದು ಎರಡೇ ಸದ್ದು. ದೇವನಹಳ್ಳಿಯಿಂದ ಎದ್ದ ವಿಮಾನದ್ದು ಒಂದು, ಪಕ್ಕದ ಮನೆ ಜಗಲಿಯಲ್ಲಿ ಮಲಗಿದ ಗುಂಡನ ಗೊರಕೆಯದು ಇನ್ನೊಂದು.

ಗುಂಡ ಪಗ್ ಜಾತಿಯವನು. ನಮ್ಮ ಬೀದಿಯಲ್ಲಿ ಪಗ್ ಅಂದರೆ ಯಾರಿಗೂ ತಿಳಿಯದು, 'ಹಚ್ ನಾಯಿ' ಅನ್ನಬೇಕು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಟಿವಿ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆಹಿಂದೆಯೇ ಹೋಗುತ್ತಿದ್ದ ಆ ಚಪ್ಪಟೆ ಮುಖದ ಮರಿ ನೆನಪಿರಬೇಕು ನಿಮಗೆ. ಆಮೇಲೆ ಕಂಪನಿಯ ಹೆಸರು ಎರಡು ಸಲ ಬದಲಾಯಿತು, ನಾಯಿಯ ಹೆಸರು ಮಾತ್ರ ಹಾಗೇ ಉಳಿದಿದೆ.

ಆ ಮನೆಯ ಮಗಳಿಗೆ ದೆಹಲಿಗೆ ವರ್ಗವಾಯಿತು. ಪಿಯುಸಿಯಲ್ಲಿ ನನ್ನ ಹತ್ತಿರ ಭೌತಶಾಸ್ತ್ರ ಓದಿದ ಹುಡುಗಿ. ಭಾನುವಾರ ಬೆಳಿಗ್ಗೆ ಬಂದು ಕೇಳಿದಳು: "ಸಾರ್, ಗುಂಡನ್ನ ಫ್ಲೈಟಲ್ಲಿ ಕರ್ಕೊಂಡು ಹೋಗ್ಬೋದಾ? ಕೆಳಗೆ ಲಗೇಜ್ ಜೊತೆ ಹಾಕ್ತಾರಂತೆ. ಅಲ್ಲಿ ಗಾಳಿನೇ ಇರಲ್ವಂತೆ, ನಿಜಾನಾ?"

ನಾನು ಬಾಯಿ ತೆರೆಯುವುದರೊಳಗೆ ಕಾಂಪೌಂಡಿನಾಚೆಯಿಂದ ಅವರಜ್ಜಿಯ ದನಿ: "ಗಾಳಿ ಇಲ್ದಿರೋ ಕಡೆ ಮಗೀನ ಹಾಕ್ತೀಯೇನೇ ನೀನು?"

ಹಾಗಾಗಿ ಗಾಳಿಯಿಂದಲೇ ಶುರು ಮಾಡಬೇಕಾಯಿತು.

ವಿಮಾನದ ಒಡಲು ಉದ್ದನೆಯ ಒಂದು ಕೊಳವೆ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಯಾಕೆ ಡಬ್ಬಿಯ ಹಾಗೆ ಚೌಕವಾಗಿಲ್ಲವೋ ಅದೇ ಕಾರಣಕ್ಕೆ ಇದೂ ಗುಂಡಗಿದೆ. ಒಳಗಿನ ಒತ್ತಡವನ್ನು ಎಲ್ಲ ಕಡೆ ಸಮನಾಗಿ ತಡೆದುಕೊಳ್ಳಲು ಆ ಆಕಾರವೇ ಸರಿ. ನಾವು ಕಾಲೂರುವ ನೆಲ ಆ ಕೊಳವೆಯೊಳಗೆ ಹಾಕಿದ ಅಟ್ಟ, ಅಷ್ಟೇ. ಅಟ್ಟದ ಮೇಲೆ ಜನ, ಕೆಳಗೆ ಸಾಮಾನು. 11 ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟದ ಕಾಲುಭಾಗಕ್ಕಿಂತ ಕಡಿಮೆ, ಚಳಿ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ. ಅಷ್ಟು ಎತ್ತರದಲ್ಲಿ ಅಟ್ಟದ ಮೇಲೆ ಮಾತ್ರ ಗಾಳಿ ತುಂಬಿ ಕೆಳಗೆ ಖಾಲಿ ಬಿಟ್ಟರೆ ಅಟ್ಟದ ಪ್ರತಿ ಚದರ ಮೀಟರಿನ ಮೇಲೂ ಸುಮಾರು 5 ಟನ್ ಭಾರ ಬೀಳುತ್ತದೆ. ತಡೆಯುವುದಿಲ್ಲ. 1974ರಲ್ಲಿ ಪ್ಯಾರಿಸ್ ಬಳಿ ಆದದ್ದು ಇದೇ. ಡಿಸಿ-10 ವಿಮಾನವೊಂದರ ಸಾಮಾನು ಕೋಣೆಯ ಬಾಗಿಲು ಹಾರಿಹೋಗಿ ಕೆಳಗಿನ ಒತ್ತಡ ಒಮ್ಮೆಗೇ ಇಳಿಯಿತು, ಮೇಲಿನ ನೆಲ ಕುಸಿದು ವಿಮಾನವನ್ನು ನಡೆಸುವ ಕೇಬಲ್‌ಗಳು ತುಂಡಾದವು, 346 ಜನ ಸತ್ತರು.

ಎಂದರೆ ಕೆಳಗೂ ಮೇಲೂ ಒಂದೇ ಒತ್ತಡ. ಅದಾದರೂ ಎಷ್ಟು? ಕ್ಯಾಬಿನ್ನಿನ ಗಾಳಿಯನ್ನು ಸಾಮಾನ್ಯವಾಗಿ 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ತೆಳುವಾಗಿ ಇಟ್ಟಿರುತ್ತಾರೆ. ನಮ್ಮ ನಂದಿಬೆಟ್ಟ 1478 ಮೀಟರ್, ಮುಳ್ಳಯ್ಯನಗಿರಿ 1930. ದೇವನಹಳ್ಳಿಯ ರನ್‌ವೇ ಸುಮಾರು 915 ಮೀಟರಿನಲ್ಲಿರುವುದರಿಂದ ನಮ್ಮ ಕಡೆಯ ನಾಯಿ ಆಗಲೇ ಅರ್ಧ ಬೆಟ್ಟ ಹತ್ತಿ ಕೂತಿರುತ್ತದೆ. ಹೃದಯ, ಶ್ವಾಸಕೋಶ ಚೆನ್ನಾಗಿರುವ ನಾಯಿಗೆ ಇದೊಂದು ಲೆಕ್ಕವಲ್ಲ. ಹೃದಯದ ಕಾಯಿಲೆ ಇರುವ ಮುದಿ ನಾಯಿಯ ಮಾತು ಬೇರೆ.

ಶಾಖದ ವಿಷಯದಲ್ಲಿ ಮಾತ್ರ ವಿಚಾರಿಸಿಕೊಳ್ಳಬೇಕು. ಸಾಮಾನು ಕೋಣೆಗಳೆಲ್ಲ ಬೆಚ್ಚಗಿರುವುದಿಲ್ಲ. ಪ್ರಾಣಿಗಳನ್ನು ಬಿಸಿಗಾಳಿಯ ವ್ಯವಸ್ಥೆ ಇರುವ ಭಾಗದಲ್ಲಿಡುತ್ತಾರೆ, ಜೀವಂತ ಪ್ರಾಣಿ ಇದೆ ಎಂದು ಪೈಲಟ್‌ಗೆ ಬರಹದಲ್ಲಿ ತಿಳಿಸುತ್ತಾರೆ.

"ಹಂಗಾದ್ರೆ ಸರಿ ಅಲ್ವಾ ಸಾರ್?" ಹುಡುಗಿಯ ಮುಖ ಅರಳಿತು. ಇಲ್ಲ, ಕಷ್ಟವೆಲ್ಲ ಇನ್ನು ಮೇಲೆ ಶುರು, ಅದೂ ನೆಲದ ಮೇಲೆ ಅಂದೆ.

ವಿಮಾನಕ್ಕೆ ಹತ್ತಿಸುವ ಮುಂಚೆ, ಇಳಿಸಿದ ಮೇಲೆ ಪೆಟ್ಟಿಗೆ ಬಿಸಿಲಲ್ಲಿ ಕಾಯಬೇಕಾಗಬಹುದು, ನಾಯಿಯ ಪಾಲಿಗೆ ಮುಖ್ಯ ಶತ್ರು ಸೆಕೆ. ಭೂಮಿಯನ್ನು ಸುತ್ತಿದ ಮೊದಲ ನಾಯಿ ಲೈಕಾ, ಮಾಸ್ಕೋದ ಬೀದಿನಾಯಿ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಹೋಯಿತು. ಹಲವು ದಿನ ಬದುಕಿತ್ತು ಎಂದೇ ಬಹಳ ಕಾಲ ಹೇಳಿಕೊಂಡು ಬಂದರು. ಕೆಲವೇ ಗಂಟೆಗಳಲ್ಲಿ ಮೈ ಬಿಸಿಯೇರಿ ಸತ್ತಿತ್ತು ಎಂಬುದು ಹೊರಬಂದದ್ದು 2002ರಲ್ಲಿ. ಉಸಿರಾಡಲು ಗಾಳಿ ಇತ್ತು. ಮೈಯ ಬಿಸಿಯನ್ನು ಹೊರಹಾಕುವ ದಾರಿ ಇರಲಿಲ್ಲ.

ನಾವು ಮೈತುಂಬ ಬೆವರುತ್ತೇವೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದರಿಂದ ಮೈ ತಣ್ಣಗಾಗುವುದು ಅಷ್ಟಕ್ಕಷ್ಟೇ. ಅದರ ಹೂಜಿ ಇರುವುದು ಮೂಗಿನಲ್ಲಿ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರು ತಣ್ಣಗಾಗುತ್ತದಲ್ಲ, ಹಾಗೆಯೇ ನಾಯಿಯ ಮೂಗಿನೊಳಗೆ ಸುರುಳಿ ಸುತ್ತಿದ ತೆಳು ಮೂಳೆಗಳ ಮೇಲೆ ಸದಾ ಒದ್ದೆ ಇರುತ್ತದೆ. ನಾಲಿಗೆ ಚಾಚಿ ತೇಕುವಾಗ ಗಾಳಿ ಬಹುಪಾಲು ಮೂಗಿನಿಂದ ಒಳಗೆ ಹೋಗಿ ಬಾಯಿಯಿಂದ ಹೊರಗೆ ಬರುತ್ತದೆ, ದಾರಿಯಲ್ಲಿ ಆವಿಯನ್ನೂ ಶಾಖವನ್ನೂ ಹೊತ್ತುಕೊಂಡು. ಒಂದು ಚಮಚ ನೀರು ಆವಿಯಾದರೆ ಸುಮಾರು 3 ಲೀಟರ್ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡುವಷ್ಟು ಶಾಖ ಹೊರಟುಹೋಗುತ್ತದೆ. ಗುಂಡನ ಗಾತ್ರದ ಮೈ ಒಂದು ಡಿಗ್ರಿ ಇಳಿಯಲು ಎರಡು ಮೂರು ಚಮಚ ಸಾಕು.

ನಾಯಿ ನಿಮಿಷಕ್ಕೆ 300 ಸಲ ತೇಕಿದರೂ ಸುಸ್ತಾಗುವುದಿಲ್ಲ ಯಾಕೆ ಎನ್ನುವುದು ತರಗತಿಯಲ್ಲಿ ನನ್ನ ಇಷ್ಟದ ಪ್ರಶ್ನೆಯಾಗಿತ್ತು. ಅಷ್ಟು ಬಾರಿ ಎದೆ ಆಡಿಸಿದರೆ ಆ ಕೆಲಸಕ್ಕೇ ಮೈ ಬಿಸಿಯಾಗಬೇಕಲ್ಲ? ಗುಟ್ಟು ಜೋಕಾಲಿಯದು. ಅದರದೇ ಲಯಕ್ಕೆ ಸರಿಯಾಗಿ ಒಂದು ಬೆರಳಲ್ಲಿ ನೂಕಿದರೂ ಜೋಕಾಲಿ ಜೋರಾಗಿ ತೂಗುತ್ತದೆ. ನಾಯಿಯ ಎದೆಗೂಡಿಗೂ ಶ್ವಾಸಕೋಶಕ್ಕೂ ಅಂಥದೊಂದು ಸ್ವಂತ ಲಯವಿದೆ, ಸೆಕೆಂಡಿಗೆ ಐದು ಚಿಲ್ಲರೆ ಸಲ. ನಾಯಿ ತೇಕುವುದು ಸರಿಯಾಗಿ ಆ ಲಯದಲ್ಲೇ. ಭೌತಶಾಸ್ತ್ರದಲ್ಲಿ ಅನುರಣನ ಎಂದು ನಾವು ಬೋರ್ಡಿನ ಮೇಲೆ ಬರೆಯುವುದನ್ನು ಅದು ಹುಟ್ಟುತ್ತಲೇ ಕಲಿತು ಬಂದಿರುತ್ತದೆ.

ಇನ್ನು ಗುಂಡನ ಮೂಗು. ಅವನ ಗಲ್ಲ ಹಿಡಿದೆತ್ತಿ ನೋಡಿದೆ. ನಾಟಿ ನಾಯಿಯ ಮೂಗಿನ ಹೊಳ್ಳೆ ಪೂರ್ಣವಿರಾಮದ ಹಾಗೆ ಗುಂಡಗೆ ತೆರೆದಿದ್ದರೆ, ಇವನದು ಅಲ್ಪವಿರಾಮ, ಬರೀ ಒಂದು ಸೀಳು. ಒಳಗಿನ ಕಥೆ ಇನ್ನೂ ಇಕ್ಕಟ್ಟಿನದು. ಮುಖ ಮೋಟಾಗಲಿ ಎಂದು ತಲೆಮಾರುಗಟ್ಟಲೆ ಆರಿಸಿ ಆರಿಸಿ ಮೂಳೆಯನ್ನೇನೋ ಕುಗ್ಗಿಸಿದರು, ಒಳಗಿನ ಮೆತ್ತನೆ ಭಾಗಗಳು ಅದೇ ಅಳತೆಗೆ ಕುಗ್ಗಲಿಲ್ಲ. ದೊಡ್ಡ ಬೀರುವಿನ ಬಟ್ಟೆಯನ್ನೆಲ್ಲ ಸಣ್ಣ ಟ್ರಂಕಿಗೆ ತುರುಕಿದ ಹಾಗೆ. ಅಂಗುಳಿನ ಹಿಂಭಾಗ ಉದ್ದವಾಗಿ ಜೋತುಬಿದ್ದು ಶ್ವಾಸನಾಳದ ಬಾಯಿಗೆ ಅಡ್ಡ ಬರುತ್ತದೆ. ನಾವು ಮುದ್ದು ಅಂದುಕೊಳ್ಳುವ ಗೊರಕೆ ಅದರದು. ಸೆಕೆಯಲ್ಲಿ ಜೋರಾಗಿ ಎಳೆದುಕೊಂಡಷ್ಟೂ ಆ ಮೆತ್ತನೆ ಭಾಗ ಊದಿಕೊಳ್ಳುತ್ತದೆ, ಊದಿಕೊಂಡಷ್ಟೂ ದಾರಿ ಕಿರಿದಾಗುತ್ತದೆ. ನಾಯಿಯ ಮೈ ಸಹಜವಾಗಿ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿದರೆ ಜೀವಕ್ಕೇ ಅಪಾಯ.

ಅಮೆರಿಕದಲ್ಲಿ ವಿಮಾನದಲ್ಲಿ ಸತ್ತ ಸಾಕುಪ್ರಾಣಿಗಳ ಲೆಕ್ಕವನ್ನು ಸಂಸ್ಥೆಗಳು ಸರ್ಕಾರಕ್ಕೆ ಕೊಡಬೇಕು. 2005ರಿಂದ 2010ರವರೆಗಿನ ಐದು ವರ್ಷದಲ್ಲಿ 122 ನಾಯಿಗಳು ಸತ್ತಿದ್ದವು, ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮೋಟು ಮೂಗಿನ ಜಾತಿಯವು. ಬುಲ್‌ಡಾಗ್ ಒಂದೇ 25. ಪಗ್ 11. ಬುಲ್‌ಡಾಗ್, ಪಗ್, ಶಿಟ್ಸು, ಬಾಕ್ಸರ್ ಇವನ್ನು ಕೆಳಗಿನ ಕೋಣೆಗೆ ಹಾಕಲು ಒಪ್ಪದ ಸಂಸ್ಥೆಗಳು ಇರುವುದು ಇದಕ್ಕೇ.

ಮೂಗು ಚೆನ್ನಾಗಿರುವ ನಾಯಿಗೂ ಭಯ ಅನ್ನುವುದೊಂದಿದೆ. ಅದು ಯಾವಾಗ ಹೆಚ್ಚು? 2002ರಲ್ಲಿ ಕೆನಡಾದ ಸಂಶೋಧಕರು 24 ಬೀಗಲ್ ನಾಯಿಗಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಕ್ವಿಬೆಕ್ ನಗರದಿಂದ ಮಾಂಟ್ರಿಯಲ್‌ಗೆ ರಸ್ತೆಯಲ್ಲಿ, ಅಲ್ಲಿಂದ ಟೊರಾಂಟೊಗೆ ವಿಮಾನದಲ್ಲಿ ಒಯ್ದರು. ಎದೆಬಡಿತ ಅಳೆದರು, ಹಾರುವಾಗ ವಿಡಿಯೊ ಮಾಡಿದರು, ರಕ್ತ, ಜೊಲ್ಲು ಪರೀಕ್ಷಿಸಿದರು. ಎದೆಬಡಿತ ಎಲ್ಲಕ್ಕಿಂತ ಹೆಚ್ಚು ಏರಿದ್ದು ಹಾರುವಾಗ ಅಲ್ಲವೇ ಅಲ್ಲ, ಪೆಟ್ಟಿಗೆಯನ್ನು ಹತ್ತಿಸುವಾಗ ಮತ್ತು ಇಳಿಸುವಾಗ. ಹಾರುವಾಗ ಅವು ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಮಲಗಿದ್ದವು. ಆತಂಕವಾದಾಗ ಏರುವ ಹಾರ್ಮೋನು ಕಾರ್ಟಿಸಾಲ್ ರಸ್ತೆ ಪ್ರಯಾಣ ಮುಗಿಯುವಷ್ಟರಲ್ಲೇ ರಕ್ತದಲ್ಲಿ ಏರಿತ್ತು. ಇನ್ನೊಂದು ಸಂಗತಿ: ಅರ್ಧದಷ್ಟು ನಾಯಿಗಳಿಗೆ ಅಸಿಪ್ರೊಮಜಿನ್ ಎಂಬ ಮಂಪರಿನ ಮದ್ದು ಕೊಟ್ಟಿದ್ದರು. ಕೊಟ್ಟವಕ್ಕೂ ಕೊಡದವಕ್ಕೂ ಯಾವ ಅಳತೆಯಲ್ಲೂ ವ್ಯತ್ಯಾಸ ಕಾಣಲಿಲ್ಲ.

"ನಿದ್ದೆ ಮಾತ್ರೆ ಕೊಟ್ಟು ಮಲಗಿಸಿಬಿಡಿ" ಎಂದು ಸಲೀಸಾಗಿ ಹೇಳುವವರು ನಮ್ಮೂರಲ್ಲೂ ಇದ್ದಾರೆ. ಆ ಮದ್ದು ರಕ್ತದೊತ್ತಡವನ್ನು ಇಳಿಸುತ್ತದೆ, ಮೈಯ ಕಾವನ್ನು ಹತೋಟಿಯಲ್ಲಿಡುವ ಶಕ್ತಿಯನ್ನು ಕುಂದಿಸುತ್ತದೆ, ಪೆಟ್ಟಿಗೆ ವಾಲಿದಾಗ ಕಾಲೂರಿ ನಿಲ್ಲಲೂ ಬಿಡುವುದಿಲ್ಲ. ಕೆಳಗಿನ ಕೋಣೆಯಲ್ಲಿ ನಾಯಿಗೆ ಏನಾಗುತ್ತಿದೆ ಎಂದು ನೋಡುವವರೂ ಇರುವುದಿಲ್ಲ. ವೈದ್ಯರು ತಾವಾಗಿ ಬರೆದುಕೊಟ್ಟ ಹೊರತು ನಾನಂತೂ ಬೇಡ ಅನ್ನುತ್ತೇನೆ.

ಉಳಿದ ದಾರಿ, ಕಾಲಬುಡದಲ್ಲಿ ಚೀಲದೊಳಗೆ ಇಟ್ಟುಕೊಂಡು ಹೋಗುವುದು. ಇಂಡಿಗೊ ಸಾಕುನಾಯಿಗಳನ್ನು ಒಯ್ಯುವುದಿಲ್ಲ, ಸೇವಾನಾಯಿಗಳಿಗೆ ಮಾತ್ರ ಅವಕಾಶ. ಆಕಾಸ ಏರ್ 2022ರಲ್ಲಿ ಒಯ್ಯಲು ಶುರು ಮಾಡಿದಾಗ ಕ್ಯಾಬಿನ್ನಿಗೆ ಇಟ್ಟ ಮಿತಿ ಚೀಲವೂ ಸೇರಿ 7 ಕಿಲೋ. ಇಂಥ ಮಿತಿಗಳು ಬದಲಾಗುತ್ತಲೇ ಇರುತ್ತವೆ, ಟಿಕೆಟ್ ತೆಗೆಯುವ ಮುಂಚೆ ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ನಾವು ಒಂದು ಸಂಸ್ಥೆಗೆ ಎರಡು ಸಲ ಫೋನ್ ಮಾಡಿದೆವು, ಎರಡು ಬೇರೆ ಉತ್ತರ ಸಿಕ್ಕಿತು.

ತೂಕ ನೋಡೋಣ ಎಂದು ಗುಂಡನನ್ನು ಹೂವಿನ ಮಂಡಿಗೆ ಒಯ್ದೆವು. ಗುಲಾಬಿ ಮೂಟೆ ತೂಗುವ ಮಿಷನ್ ಮೇಲೆ ಅವನೊಬ್ಬನೇ ನಿಲ್ಲಲಿಲ್ಲ, ಸೇವಂತಿಗೆಗೆ ಬಾಯಿ ಹಾಕಲು ಹೋದ. ಹುಡುಗಿ ಎತ್ತಿಕೊಂಡು ನಿಂತಳು, 62.4. ಇಳಿಸಿ ನಿಂತಳು, 53.2. ಗುಂಡ 9.2 ಕಿಲೋ, ಚೀಲ ಬೇರೆ. "ಇದು ಬರೀ ಮುದ್ದೆ ತೂಕ ಕಣಮ್ಮ" ಅಂದ ಮಂಡಿಯವನು.

ಪೆಟ್ಟಿಗೆಯ ಅಳತೆಗೆ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟ ಐಯಾಟಾದ ಸೂತ್ರವಿದೆ. ದರ್ಜಿಯ ಟೇಪು ಹಿಡಿದು ಅದನ್ನೂ ನೋಡಿದೆವು. ಮೂಗಿನ ತುದಿಯಿಂದ ಬಾಲದ ಬುಡಕ್ಕೆ 45 ಸೆಂಟಿಮೀಟರ್, ಮೊಣಕೈ ಎತ್ತರ 16. ಉದ್ದಕ್ಕೆ ಮೊಣಕೈ ಎತ್ತರದ ಅರ್ಧ ಸೇರಿಸಬೇಕು, 53 ಆಯಿತು. ಭುಜದ ಅಗಲ 17, ಅದರ ಎರಡರಷ್ಟು 34. ನಿಂತಾಗಿನ ಎತ್ತರ 36, ಹಾಸಿಗೆಯ ದಪ್ಪ ಬೇರೆ. ಮೋಟು ಮೂಗಿನ ನಾಯಿಗೆ ಎಲ್ಲವನ್ನೂ ನೂರಕ್ಕೆ ಹತ್ತರಷ್ಟು ಹಿಗ್ಗಿಸಬೇಕು. ಹಾಗೆ ಹಿಗ್ಗಿದ ಪೆಟ್ಟಿಗೆ ಯಾವ ಸೀಟಿನ ಕೆಳಗೂ ತೂರುವುದಿಲ್ಲ.

ವಿದೇಶಕ್ಕೆ ಒಯ್ಯುವವರ ಲೆಕ್ಕವೇ ಬೇರೆ, ಅದು ತಿಂಗಳುಗಟ್ಟಲೆ ಮುಂಚೆ ಶುರುವಾಗಬೇಕು. ಮೈಕ್ರೋಚಿಪ್, ರೇಬಿಸ್ ಲಸಿಕೆ, 30 ದಿನ ಕಳೆದ ಮೇಲೆ ರಕ್ತಪರೀಕ್ಷೆ. ಯುರೋಪಿಗಾದರೆ ರಕ್ತ ತೆಗೆದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ಅಮೆರಿಕ 2024ರ ಆಗಸ್ಟ್‌ನಿಂದ ಆರು ತಿಂಗಳು ತುಂಬದ ನಾಯಿಗಳನ್ನು ಒಳಗೆ ಬಿಡುವುದಿಲ್ಲ.

ಇದೇ ಪ್ರಶ್ನೆಯನ್ನು ನಾಟಿ ನಾಯಿಯನ್ನೋ ಮುಧೋಳ ನಾಯಿಯನ್ನೋ ಸಾಕಿದವರು ಕೇಳಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಪ್ರಾಯದ ನಾಯಿ, ಉದ್ದ ಮೂಗು, ಡಿಸೆಂಬರಿನ ತಂಪು ಹೊತ್ತು, ನಡುವೆ ಇಳಿದು ಹತ್ತುವುದಿಲ್ಲದ ಒಂದೇ ವಿಮಾನ, ಅದಕ್ಕೂ ಒಂದು ತಿಂಗಳ ಮುಂಚಿನಿಂದ ಪೆಟ್ಟಿಗೆಯಲ್ಲೇ ಊಟ ಹಾಕಿ ಮಲಗಿಸಿದ ಅಭ್ಯಾಸ. ಇಷ್ಟಿದ್ದರೆ ಧೈರ್ಯವಾಗಿ ಕರೆದುಕೊಂಡು ಹೋಗಿ ಅನ್ನುತ್ತಿದ್ದೆ. ಹೊರಡುವ ನಾಲ್ಕಾರು ಗಂಟೆ ಮುಂಚೆ ಹೊಟ್ಟೆ ಹಗುರವಾಗಿಡಿ, ಬಟ್ಟಲಲ್ಲಿ ನೀರನ್ನು ಮಂಜುಗಡ್ಡೆ ಮಾಡಿ ಇಡಿ, ಹತ್ತಿಸುವಾಗ ಚೆಲ್ಲದೆ ಆಮೇಲೆ ನಿಧಾನಕ್ಕೆ ಕರಗುತ್ತದೆ. ನಾಲ್ಕು ದಿನದ ಮದುವೆಗೆ ಹೋಗಿ ಬರುವವರಿಗೆ ಮಾತ್ರ, ಯಾವ ಮೂಗಿನ ನಾಯಿಯಾದರೂ ಸರಿ, ಮನೆಯಲ್ಲೇ ಬಿಟ್ಟು ಹೋಗಿ ಎಂದೇ ಹೇಳುವುದು.

ಗುಂಡನಿಗೆ ಒಂಬತ್ತು ವರ್ಷ. ಹುಡುಗಿ ಹೊರಡಬೇಕಿದ್ದುದು ಮೇ ಮೊದಲ ವಾರ, ಇಲ್ಲೂ ಬಿಸಿಲು, ದೆಹಲಿಯಲ್ಲಿ ಇನ್ನೂ ಬಿಸಿಲು. ಬೇಡ ಅಂದೆ. ಚಳಿಗಾಲದಲ್ಲಿ ರೈಲಿದೆ. ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆಯನ್ನು ಪೂರ್ತಿ ಹಿಡಿದರೆ ನಾಯಿ ಜೊತೆಯಲ್ಲೇ ಇರಬಹುದು, ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಗೆ ಹಾಕಬೇಕಿಲ್ಲ. ಸುಮಾರು ಒಂದೂವರೆ ದಿನದ ದಾರಿ, ಆದರೆ ಅವನ ಉಸಿರಿನ ಮೇಲೆ ಕಣ್ಣಿಡಲು ಒಬ್ಬರು ಪಕ್ಕದಲ್ಲೇ ಇರುತ್ತಾರೆ. ಹುಡುಗಿ ಸ್ವಲ್ಪ ಅತ್ತಳು. ಅಜ್ಜಿ ಮಾತ್ರ ಅಂದು ಸಂಜೆ ನಮ್ಮ ಮನೆಗೆ ಒಂದು ಗೊನೆ ದ್ರಾಕ್ಷಿ ಕಳಿಸಿದರು.

ಹೋಗುವ ಮುಂಚೆ ಅವಳು ಅಜ್ಜಿಗೆ ಒಂದು ಕೆಲಸ ಕಲಿಸಿ ಹೋದಳು. ಮಲಗಿದ ನಾಯಿಯ ಹೊಟ್ಟೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸುವುದು. ನಿದ್ದೆಯಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಸರಿ, ದಿನದಿನಕ್ಕೆ ಅದನ್ನು ಮೀರತೊಡಗಿದರೆ ವೈದ್ಯರ ಹತ್ತಿರ ಹೋಗಬೇಕು. ಈಗ ರಾತ್ರಿ ಒಂಬತ್ತೂವರೆಗೆ ಕಾಂಪೌಂಡಿನಾಚೆ ಫೋನ್ ರಿಂಗಾಗುತ್ತದೆ. ಅಜ್ಜಿ ಗೋಡೆ ಗಡಿಯಾರದ ಕೆಳಗೆ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ.

"ಇರು, ಮಾತಾಡ್ಬೇಡ, ಲೆಕ್ಕ ತಪ್ತದೆ... ಇಪ್ಪತ್ನಾಕು. ನಿನ್ನೆ ಇಪ್ಪತ್ತಾರಿತ್ತು. ನೀನು ಊಟ ಮಾಡ್ದೇನೇ?"