ಓವರಿಗೆ ಎರಡೇ ಬೌನ್ಸರ್: ಈ ಲೆಕ್ಕ ಬಂದದ್ದು ಹೇಗೆ?

ಟೆಸ್ಟ್ ಪಂದ್ಯದಲ್ಲಿ ಒಂದು ಓವರಿಗೆ ಎರಡೇ ಬೌನ್ಸರ್ (ನೆಲಕ್ಕೆ ಬಡಿದು ಬ್ಯಾಟರ್‌ನ ಭುಜ, ತಲೆಯ ಮಟ್ಟಕ್ಕೆ ಏಳುವ ವೇಗದ ಚೆಂಡು) ಹಾಕಬಹುದು. ಭುಜಕ್ಕಿಂತ ಮೇಲೆ ಹೋಗುವ ಮೂರನೇ ಚೆಂಡು ನೋಬಾಲ್. ಈ ಲೆಕ್ಕ ಸುಮ್ನೆ ಬಂದಿದ್ದಲ್ಲ.

1932-33ರಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಬ್ರಾಡ್ಮನ್‌ರನ್ನು ಕಟ್ಟಿಹಾಕಲು ಇಂಗ್ಲೆಂಡ್ ನಾಯಕ ಜಾರ್ಡಿನ್ 'ಬಾಡಿಲೈನ್' ತಂತ್ರ ಹೂಡಿದರು. ವೇಗಿ ಲಾರ್ವುಡ್ ಮೈಗೇ ಗುರಿಯಿಟ್ಟು ಎಸೆದರು, ಲೆಗ್ ಸೈಡಿನ (ಬ್ಯಾಟರ್‌ನ ಕಾಲಿನ ಬದಿಯ) ತುಂಬಾ ಫೀಲ್ಡರ್‌ಗಳು. ಮುಂದೆ ಆ ಬದಿಯಲ್ಲಿ ಸ್ಕ್ವೇರ್‌ನ ಹಿಂದೆ, ಅಂದರೆ ಬ್ಯಾಟರ್‌ನ ಗೆರೆಗಿಂತ ಹಿಂದೆ, ಇಬ್ಬರಿಗಿಂತ ಹೆಚ್ಚು ಫೀಲ್ಡರ್‌ಗಳು ನಿಲ್ಲಬಾರದು ಎಂಬ ನಿಯಮ ಬಂತು. ಎಷ್ಟು ಬೌನ್ಸರ್ ಹಾಕಬಹುದು ಎಂಬುದು ಮಾತ್ರ ಅಂಪೈರ್ ವಿವೇಚನೆಗೇ ಉಳಿಯಿತು.

ಆ ವಿವೇಚನೆ ಕೈಕೊಟ್ಟಿದ್ದು 1976ರ ಏಪ್ರಿಲ್‌ನಲ್ಲಿ, ಜಮೈಕಾದ ಸಬೀನಾ ಪಾರ್ಕ್‌ನಲ್ಲಿ. ಹಿಂದಿನ ಟೆಸ್ಟ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಿತ್ತು. ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಸ್ಪಿನ್ನರ್‌ಗಳ ಮೇಲಿನ ನಂಬಿಕೆ ಬಿಟ್ಟು ವೇಗಿಗಳ ದಂಡು ಕಟ್ಟಿದರು. ಪಿಚ್‌ನಲ್ಲಿ ಚೆಂಡು ಎಲ್ಲಿ ಹೇಗೆ ಏಳುತ್ತದೋ ಹೇಳುವಂತಿರಲಿಲ್ಲ. ಹೆಲ್ಮೆಟ್ ಇನ್ನೂ ಬಂದಿರಲಿಲ್ಲ. ವೇಗಿ ಹೋಲ್ಡಿಂಗ್ ಅರೌಂಡ್ ದ ವಿಕೆಟ್ (ಸ್ಟಂಪ್‌ನ ಇನ್ನೊಂದು ಬದಿಯಿಂದ) ಬಂದು ಎಸೆಯತೊಡಗಿದರು. 81 ರನ್ ಗಳಿಸಿದ್ದ ಅಂಶುಮಾನ್ ಗಾಯಕ್‌ವಾಡ್ ಕಿವಿಗೆ ಚೆಂಡು ಬಡಿದು ಆಸ್ಪತ್ರೆ ಸೇರಿದರು. ನಮ್ಮ ಜಿ.ಆರ್. ವಿಶ್ವನಾಥ್ ಔಟಾದ ಚೆಂಡೇ ಅವರ ಬೆರಳನ್ನೂ ಮುರಿಯಿತು. ಬ್ರಿಜೇಶ್ ಪಟೇಲ್ ಬಾಯಿಗೆ ಹೊಲಿಗೆ ಬಿತ್ತು.

ಬಾಲಂಗೋಚಿಗಳಿಗೂ ಏಟು ಬಿದ್ದೀತೆಂದು ಭಾರತದ ನಾಯಕ ಬೇಡಿ 306ಕ್ಕೆ 6 ಆದಾಗ ಡಿಕ್ಲೇರ್ ಮಾಡಿಕೊಂಡರು. ಆಮೇಲೆ ಫೀಲ್ಡಿಂಗ್ ಮಾಡುವಾಗ ಅವರ ಕೈಗೂ ಚಂದ್ರಶೇಖರ್ ಕೈಗೂ ಪೆಟ್ಟಾಯಿತು. ಭಾರತದ ಎರಡನೇ ಇನಿಂಗ್ಸ್ 97ಕ್ಕೆ 5ರಲ್ಲಿ ಮುಗಿಯಿತು. ಉಳಿದ ಐವರು ಬ್ಯಾಟ್ ಹಿಡಿಯುವ ಸ್ಥಿತಿಯಲ್ಲೇ ಇರಲಿಲ್ಲ. ಅವರಲ್ಲಿ ಮೂವರು ಕರ್ನಾಟಕ ತಂಡದವರು. ಇದನ್ನು ಬರೀ 10 ವಿಕೆಟ್ ಸೋಲು ಅಂತ ಬರೆದುಬಿಡುವುದು ಅನ್ಯಾಯ, ಅಲ್ವಾ?

ಇಷ್ಟಾದರೂ ಐಸಿಸಿ ಎಚ್ಚೆತ್ತಿದ್ದು 1991ರಲ್ಲಿ. ಒಬ್ಬ ಬ್ಯಾಟರ್‌ಗೆ ಓವರಿಗೆ ಒಂದೇ ಬೌನ್ಸರ್ ಎಂದಿತು. ಇದು ಬೌಲರ್‌ಗಳಿಗೆ ಜಾಸ್ತಿಯೇ ಬಿಗಿಯಾಯಿತು ಅಂತ 1994ರಲ್ಲಿ ಓವರಿಗೆ ಎರಡು ಮಾಡಿತು.

ಲೆಕ್ಕ ಬಂತು, ಪೆಟ್ಟು ನಿಲ್ಲಲಿಲ್ಲ. 2002ರಲ್ಲಿ ಆಂಟಿಗಾದಲ್ಲಿ ವೆಸ್ಟ್ ಇಂಡೀಸ್ ವೇಗಿ ಡಿಲ್ಲನ್ ಚೆಂಡಿಗೆ ಅನಿಲ್ ಕುಂಬ್ಳೆ ದವಡೆ ಮುರಿಯಿತು. ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡೇ 14 ಓವರ್ ಹಾಕಿ ಲಾರಾ ವಿಕೆಟ್ ಕಿತ್ತರು. 2014ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಹೆಲ್ಮೆಟ್ ಹಾಕಿದ್ದರೂ ಕತ್ತಿಗೆ ಚೆಂಡು ಬಡಿದು ತೀರಿಕೊಂಡರು. ಆ ಬಳಿಕ ಹೆಲ್ಮೆಟ್‌ಗೆ ಕತ್ತು ಕಾಯುವ ಪಟ್ಟಿ ಬಂತು. ತಲೆಗೆ ಪೆಟ್ಟಾದವರ ಬದಲು ಇನ್ನೊಬ್ಬರನ್ನು ಆಡಿಸುವ ಅವಕಾಶ ಟೆಸ್ಟ್‌ಗೆ ಸಿಕ್ಕಿದ್ದು 2019ರಲ್ಲಿ.