ಕಂಡೆನ್ಸರ್ ಮೇಲಿನ ಆರೋಪ ಎಷ್ಟು ನಿಜ?

ಉಷ್ಣ ವಿದ್ಯುತ್ ಸ್ಥಾವರದಲ್ಲಿ ಉರಿದ ಕಲ್ಲಿದ್ದಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿದ್ಯುತ್ ಆಗುವುದೇ ಇಲ್ಲ. ಎಲ್ಲಿ ಹೋಯಿತು ಎಂದು ಕೇಳಿದರೆ ಎಲ್ಲರೂ ಬೆರಳು ತೋರುವುದು ಟರ್ಬೈನ್‌ನಿಂದ ಹೊರಬಂದ ಉಗಿಯನ್ನು ತಂಪಾಗಿಸಿ ನೀರಾಗಿಸುವ ಕಂಡೆನ್ಸರ್ ಕಡೆಗೆ. ಅದರ ಶಾಖವನ್ನು ಹೊರಬಿಡುವ ಕೂಲಿಂಗ್ ಟವರಿನ ನೆತ್ತಿಯಲ್ಲಿ ಏಳುವ ಬಿಳಿ ಆವಿ ಕಣ್ಣಿಗೇ ಕಾಣುತ್ತದಲ್ಲ! ಆದರೆ ನಷ್ಟದ ಬೇರು ಅಲ್ಲಿಲ್ಲ.

ಮೊದಮೊದಲು ಕಂಡೆನ್ಸರ್ ಬಂದದ್ದೇ ನಷ್ಟ ತಡೆಯಲು. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಬಳಿ ಥಾಮಸ್ ನ್ಯೂಕಮೆನ್ ಗಣಿಯ ನೀರೆತ್ತಲು ನಿಲ್ಲಿಸಿದ ಎಂಜಿನ್, ಶಾಖದ ನೂರರಲ್ಲಿ ಒಂದು ಪಾಲನ್ನೂ ಕೆಲಸವಾಗಿಸುತ್ತಿರಲಿಲ್ಲ. ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಪ್ರತಿ ಹೊಡೆತಕ್ಕೂ ಲೋಹ ತಣ್ಣಗಾಗಿ, ಅದನ್ನು ಮತ್ತೆ ಕಾಯಿಸುವುದರಲ್ಲೇ ಬಹುಪಾಲು ಉಗಿ ಮುಗಿಯುತ್ತಿತ್ತು. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿದ್ದ ಇದರ ಮಾದರಿಯೊಂದನ್ನು ರಿಪೇರಿ ಮಾಡುವಾಗ ಜೇಮ್ಸ್ ವಾಟ್ ಇದನ್ನು ಗಮನಿಸಿದ. ಉಗಿಯನ್ನು ತಂಪಾಗಿಸಲು ಬೇರೆಯೇ ಪಾತ್ರೆ ಇಡುವ ಉಪಾಯ ಅವನಿಗೆ ಹೊಳೆದದ್ದು 1765ರಲ್ಲಿ, ಪೇಟೆಂಟ್ ಸಿಕ್ಕಿದ್ದು 1769ರಲ್ಲಿ.

ಕಾರ್ನ್‌ವಾಲ್‌ನ ಗಣಿಗಳಲ್ಲಿ 1811ರಿಂದ ಎಂಜಿನ್‌ಗಳ ತಿಂಗಳ ವರದಿಯೇ ಅಚ್ಚಾಗುತ್ತಿತ್ತು. ಒಂದು ಬುಶೆಲ್ ಕಲ್ಲಿದ್ದಲು ಉರಿಸಿ ಎಷ್ಟು ಪೌಂಡ್ ನೀರನ್ನು ಒಂದು ಅಡಿ ಎತ್ತಿತು ಎಂಬ ಆ ಅಳತೆಗೆ 'ಡ್ಯೂಟಿ' ಎಂದು ಹೆಸರು. ಅಂಕಿ ವರ್ಷವರ್ಷಕ್ಕೂ ಏರಿತು. ಎಲ್ಲಿಯವರೆಗೆ ಏರಬಹುದು ಎಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಮಿತಿಯನ್ನು ನಿರ್ಧರಿಸುವುದು ಬಿಸಿ ಮತ್ತು ತಣ್ಣನೆಯ ಕೊನೆಗಳ ತಾಪಮಾನವೇ ಎಂದು 1824ರಲ್ಲಿ ತೋರಿಸಿದವನು ಫ್ರಾನ್ಸಿನ ಸಾದಿ ಕಾರ್ನೊ. ಗ್ಲಾಸ್ಗೊದ ಪ್ರಾಧ್ಯಾಪಕ ವಿಲಿಯಂ ರಾಂಕಿನ್ 1859ರ ತನ್ನ ಕೈಪಿಡಿಯಲ್ಲಿ ಉಗಿ ಎಂಜಿನ್ನಿನ ಲೆಕ್ಕವನ್ನು ಕ್ರಮಕ್ಕೆ ತಂದ. ನೀರು ಉಗಿಯಾಗಿ, ಕೆಲಸ ಮಾಡಿ, ಮತ್ತೆ ನೀರಾಗುವ ಸುತ್ತಿಗೆ ಅವನದೇ ಹೆಸರು; ಇಂದಿಗೂ ಸ್ಥಾವರಗಳ ಲೆಕ್ಕ ನಡೆಯುವುದು ಆ ಚಕ್ರದ ಮೇಲೆಯೇ.

ಆ ಲೆಕ್ಕವನ್ನೊಮ್ಮೆ ಮಾಡಿ ನೋಡೋಣ. ಬಾಯ್ಲರ್‌ನಿಂದ ಬರುವ ಉಗಿ 100 ಬಾರ್, 500 ಡಿಗ್ರಿ ಸೆಲ್ಸಿಯಸ್, ಕಂಡೆನ್ಸರ್ 0.1 ಬಾರ್, ಅಂದರೆ ಸುಮಾರು 46 ಡಿಗ್ರಿ. ಎರಡೂ ಅಬ್ಸಲ್ಯೂಟ್ ಒತ್ತಡ, ಅಂದರೆ ಪೂರ್ಣ ನಿರ್ವಾತದಿಂದ ಅಳೆದದ್ದು; ಗೇಜ್ ಅಳೆಯುವುದು ಹೊರಗಿನ ಗಾಳಿಯ ಒತ್ತಡದಿಂದ. ಗೇಜ್ ತೋರಿಸಿದ್ದನ್ನೇ ಉಗಿಯ ಗುಣಗಳ ಪಟ್ಟಿಯಾದ ಸ್ಟೀಮ್ ಟೇಬಲ್‌ನಲ್ಲಿ ಹುಡುಕಿದರೆ ಕಂಡೆನ್ಸರ್ ಕಡೆಯ ಲೆಕ್ಕವೆಲ್ಲ ಕೆಡುತ್ತದೆ. ಒಂದು ಕಿಲೊ ಉಗಿಯ ಎಂಥಾಲ್ಪಿ, ಅಂದರೆ ಹರಿಯುವ ಉಗಿ ಹೊತ್ತೊಯ್ಯುವ ಶಕ್ತಿ, 3375 ಕಿಲೋಜೂಲ್. ಎಂಟ್ರೊಪಿ (ಶಾಖವನ್ನು ತಾಪಮಾನದಿಂದ ಭಾಗಿಸಿ ಅಳೆಯುವ ಗುಣ) ಬದಲಾಗದೆ, ಅಂದರೆ ಘರ್ಷಣೆಯಂಥ ನಷ್ಟವಿಲ್ಲದೆ, 0.1 ಬಾರ್‌ಗೆ ಇಳಿದಾಗ ಉಳಿಯುವುದು 2090. ಟರ್ಬೈನ್ ಕೊಟ್ಟ ಕೆಲಸ 1285, ನೀರನ್ನು ಬಾಯ್ಲರ್‌ಗೆ ತಳ್ಳುವ ಫೀಡ್ ಪಂಪ್ ತಿಂದದ್ದು ಬರೀ 10. ಬಾಯ್ಲರ್ ಕೊಟ್ಟ ಶಾಖ 3173. ದಕ್ಷತೆ ಶೇ 40.2.

ಇದು ಆದರ್ಶ ಟರ್ಬೈನ್‌ನ ಮಾತು. ನಿಜವಾದ ಟರ್ಬೈನ್ ಆದರ್ಶ ಕೆಲಸದ ಶೇ 87ರಷ್ಟನ್ನೇ ಕೊಡುತ್ತದೆ ಎಂದಿಟ್ಟುಕೊಂಡರೆ ಚಕ್ರದ ದಕ್ಷತೆ ಶೇ 35ರ ಆಸುಪಾಸಿಗೆ ಇಳಿಯುತ್ತದೆ. ಆಗಲೂ ಹೊರಬರುವ ಉಗಿಯಲ್ಲಿ ಶೇ 14ರಷ್ಟು ನೀರಿನ ಅಂಶ. ಆ ಹನಿಗಳು ಕೊನೆಯ ಸಾಲಿನ ಬ್ಲೇಡ್‌ಗಳ ಅಂಚನ್ನು ಕೊರೆದುಹಾಕುತ್ತವೆ. ಅರ್ಧ ದಾರಿಯಲ್ಲಿ ಉಗಿಯನ್ನು ಬಾಯ್ಲರ್‌ಗೆ ಮರಳಿಸಿ ಕಾಯಿಸುವ ರೀಹೀಟ್‌ಗೆ ಇದೂ ಒಂದು ಕಾರಣ.

ಕೆಲ್ವಿನ್‌ನಲ್ಲಿ ತಣ್ಣನೆಯ ತಾಪಮಾನವನ್ನು ಬಿಸಿಯದರಿಂದ ಭಾಗಿಸಿ, ಒಂದರಿಂದ ಕಳೆಯುವುದು ಕಾರ್ನೊ ಸೂತ್ರ; ಅದರಂತೆ 500 ಮತ್ತು 46 ಡಿಗ್ರಿಗಳ ನಡುವೆ ಮಿತಿ ಶೇ 58.7. ಹಾಗಾದರೆ ಆದರ್ಶ ಚಕ್ರವೂ 40ಕ್ಕೇ ನಿಂತದ್ದೇಕೆ? ಶಾಖವೆಲ್ಲ 500 ಡಿಗ್ರಿಯಲ್ಲಿ ಉಗಿಗೆ ಸೇರುವುದಿಲ್ಲ. 46 ಡಿಗ್ರಿಯ ನೀರು ಬಿಸಿಯಾಗಬೇಕು, 311 ಡಿಗ್ರಿಯಲ್ಲಿ ಕುದಿಯಬೇಕು, ಆಮೇಲೆ ಆ ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್. 3173ನ್ನು ಎಂಟ್ರೊಪಿಯ ಏರಿಕೆ 5.95ರಿಂದ ಭಾಗಿಸಿದರೆ 533 ಕೆಲ್ವಿನ್ ಬರುತ್ತದೆ, ಅಂದರೆ ಕೇವಲ 260 ಡಿಗ್ರಿ. ಉಗಿ ಶಾಖ ಪಡೆದ ಸರಾಸರಿ ತಾಪಮಾನ ಇದು. ಇದನ್ನೇ ಕಾರ್ನೊ ಸೂತ್ರಕ್ಕೆ ಹಾಕಿದರೆ ಸರಿಯಾಗಿ ಶೇ 40.2 ಸಿಗುತ್ತದೆ.

ಕಂಡೆನ್ಸರ್ ಹೊರಹಾಕುವುದು ಸುಮಾರು 1898 ಕಿಲೋಜೂಲ್. ಹೊರಗಿನ ಹವೆ 25 ಡಿಗ್ರಿ ಇದ್ದರೆ ಅಷ್ಟು ಶಾಖದಿಂದ ತೆಗೆಯಬಹುದಾದ ಕೆಲಸ ಹೆಚ್ಚೆಂದರೆ 125. ಹೀಗೆ ದುಡಿಯಬಲ್ಲ ಪಾಲಿಗೆ 1956ರಲ್ಲಿ ಎಂಜಿನಿಯರ್ ಝೊರಾನ್ ರಾಂಟ್ 'ಎಕ್ಸರ್ಜಿ' ಎಂದು ಹೆಸರಿಟ್ಟ. ಬಾಯ್ಲರ್‌ನಲ್ಲಿ ಉಗಿ ಪಡೆದ 3173ರಲ್ಲಿ ಎಕ್ಸರ್ಜಿ 1400 ಮಾತ್ರ. ಸಾವಿರ ಡಿಗ್ರಿ ಮೀರಿದ ಜ್ವಾಲೆಯ ಶಾಖ 260 ಡಿಗ್ರಿಗೆ ಇಳಿದ ಗಳಿಗೆಯಲ್ಲೇ ದೊಡ್ಡ ನಷ್ಟ ಆಗಿಹೋಗಿರುತ್ತದೆ. ಕಂಡೆನ್ಸರ್ ಹೊರಹಾಕುವುದು ಸತ್ವ ಕಳೆದ ಶಾಖವನ್ನು.

ಹಾಗಾಗಿ 20ನೇ ಶತಮಾನದ ಪ್ರಯತ್ನವೆಲ್ಲ ಆ 260ನ್ನು ಮೇಲೇರಿಸುವುದೇ ಆಗಿತ್ತು. ಟರ್ಬೈನ್ ನಡುವಿನಿಂದ ಉಗಿ ಎಳೆದು, ಬಾಯ್ಲರ್‌ಗೆ ಹೋಗುವ ಫೀಡ್ ನೀರನ್ನು ಹೀಟರ್‌ಗಳಲ್ಲಿ ಕಾಯಿಸಿದರು, ರೀಹೀಟ್ ತಂದರು, ಒತ್ತಡವನ್ನು ಕುದಿಯುವ ಘಟ್ಟವೇ ಇಲ್ಲದ 221 ಬಾರ್‌ನ ಆಚೆಗೆ ಒಯ್ದರು. ಅಮೆರಿಕದ ಓಹಾಯೊದ ಫೈಲೊ ಸ್ಥಾವರದ 6ನೇ ಘಟಕ 1957ರಲ್ಲೇ ಸುಮಾರು 310 ಬಾರ್, 621 ಡಿಗ್ರಿ ಮುಟ್ಟಿತು. ಅದರ ಬೆನ್ನಿಗೆ ಅಮೆರಿಕದಲ್ಲೇ ಬಂದ ಎಡಿಸ್ಟೋನ್ ಸ್ಥಾವರ 650 ಡಿಗ್ರಿಗೆ ಹೋಗಿ, ಲೋಹ ತಾಳದೆ ಹಿಂದೆ ಸರಿಯಿತು. ರಾಯಚೂರು ಜಿಲ್ಲೆಯೊಂದರಲ್ಲೇ ಎರಡೂ ತಲೆಮಾರುಗಳಿವೆ: ಶಕ್ತಿನಗರದಲ್ಲಿ 210 ಮೆಗಾವ್ಯಾಟ್‌ನ ಹಳೆಯ ಘಟಕಗಳು, ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ ಸೂಪರ್‌ಕ್ರಿಟಿಕಲ್ (221 ಬಾರ್ ಮೀರಿದ) ಘಟಕಗಳು.

ಹಾಗೆಂದು ಕಂಡೆನ್ಸರನ್ನು ಕಡೆಗಣಿಸುವಂತಿಲ್ಲ. ಮೇಲಿನ ಲೆಕ್ಕದಲ್ಲೇ ಒತ್ತಡ 0.1ರಿಂದ 0.05 ಬಾರ್‌ಗೆ ಇಳಿದರೆ ದಕ್ಷತೆ ಶೇ 41.9 ಆಗುತ್ತದೆ. ಟ್ಯೂಬಿನೊಳಗೆ ಪಾಚಿ ಕಟ್ಟಿದರೆ, ಟರ್ಬೈನ್ ದಂಡ ಹೊರಬರುವೆಡೆಯ ಸೀಲ್ ಆದ ಗ್ಲ್ಯಾಂಡ್‌ನಲ್ಲಿ ಗಾಳಿ ನುಸುಳಿದರೆ ಈ ಲಾಭವೆಲ್ಲ ತಿಂಗಳೊಳಗೆ ಕರಗಬಹುದು. ಇದಕ್ಕಿಂತ ಮೋಸದ್ದು, ಫೀಡ್ ನೀರನ್ನು ಕೊನೆಯಲ್ಲಿ ಕಾಯಿಸುವ ಹೈ ಪ್ರೆಶರ್ ಹೀಟರ್ ಕೆಟ್ಟಾಗಿನ ಸ್ಥಿತಿ. ಹೀಟರ್‌ಗೆ ಹೋಗಬೇಕಿದ್ದ ಉಗಿ ಟರ್ಬೈನ್‌ನಲ್ಲೇ ಉಳಿಯುವುದರಿಂದ ಕಂಟ್ರೋಲ್ ರೂಮಿನ ಮೀಟರ್‌ನಲ್ಲಿ ಮೆಗಾವ್ಯಾಟ್ ಏರಿದ್ದೇ ಕಾಣುತ್ತದೆ. ಆದರೆ ಬಾಯ್ಲರ್‌ಗೆ 240 ಡಿಗ್ರಿಯ ಬದಲು 165ರ ನೀರು ಹೋಗುತ್ತಿರುತ್ತದೆ. ಪ್ರತಿ ಯೂನಿಟ್‌ಗೆ ಎಷ್ಟು ಹೆಚ್ಚು ಕಲ್ಲಿದ್ದಲು ಉರಿಯಿತು ಎಂಬುದು ಹೀಟ್ ರೇಟ್, ಅಂದರೆ ಒಂದು ಯೂನಿಟ್‌ಗೆ ತಗಲಿದ ಶಾಖ, ಲೆಕ್ಕ ಹಾಕಿದಾಗಲೇ ಗೊತ್ತಾಗುವುದು.